ಹ್ಯೂಗೋ ಯಾರು ಕೊಡುತ್ತಾರೆ, ನೆಬ್ಯುಲಾ ಯಾರು ಕೊಡುತ್ತಾರೆ?

ಪ್ರಶ್ನೆ: ವೈಜ್ಞಾನಿಕ ಕಾದಂಬರಿಗಳ ಮುಖಪುಟದಲ್ಲಿ ‘ಹ್ಯೂಗೋ’, ‘ನೆಬ್ಯುಲಾ’ ಪ್ರಶಸ್ತಿಗಳ ಹೆಸರು ಕಾಣುತ್ತದೆ. ಇವೆರಡಕ್ಕೂ ಏನು ವ್ಯತ್ಯಾಸ?

ಉತ್ತರ: ಮುಖ್ಯ ವ್ಯತ್ಯಾಸ ಇರುವುದು ಮತ ಹಾಕುವವರಲ್ಲಿ. ಹ್ಯೂಗೋ ಓದುಗರದು, ನೆಬ್ಯುಲಾ ಬರಹಗಾರರದು.

1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಆರಂಭಿಸಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಹೆಸರಿನ ಪ್ರಶಸ್ತಿಯನ್ನು ಮೊದಲು ಕೊಟ್ಟದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ. ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಚಂದಾ ಕಟ್ಟಿ ಸದಸ್ಯರಾದ ಯಾರು ಬೇಕಾದರೂ ಮತ ಹಾಕಬಹುದು. ಗೆದ್ದವರ ಕೈಗೆ ಬರುವುದು ಫಳಫಳ ಹೊಳೆಯುವ ರಾಕೆಟ್. ಅದರ ಪೀಠದ ವಿನ್ಯಾಸ ಮಾತ್ರ ವರ್ಷವರ್ಷವೂ ಬೇರೆ.

ಮತದಾನದ ಕ್ರಮ ನನಗೆ ಬಹಳ ಇಷ್ಟ. ಸದಸ್ಯರು ಕೃತಿಗಳನ್ನು ಒಂದು, ಎರಡು, ಮೂರು ಎಂದು ಆದ್ಯತೆಯಂತೆ ಗುರುತಿಸುತ್ತಾರೆ. ಕಡಿಮೆ ಮತ ಪಡೆದದ್ದು ಹೊರಬಿದ್ದರೆ ಆ ಮತಗಳು ಮುಂದಿನ ಆಯ್ಕೆಗೆ ಸೇರುತ್ತವೆ. ‘ಯಾರಿಗೂ ಬೇಡ’ ಎನ್ನುವ ಆಯ್ಕೆಯೂ ಉಂಟು. ಕೆಲವು ಗುಂಪುಗಳು ತಮಗೆ ಬೇಕಾದವರನ್ನೇ ಅಂತಿಮ ಪಟ್ಟಿಗೆ ಸೇರಿಸಿ ಗಲಾಟೆಯಾದ 2015ರಲ್ಲಿ ಐದು ವಿಭಾಗಗಳಲ್ಲಿ ಗೆದ್ದದ್ದು ಅದೇ! ಓದುಗರ ಈ ನಿಷ್ಠುರತೆ ಮೆಚ್ಚಬೇಕಾದದ್ದು. ಅದೇ ವರ್ಷ ಚೀನಾದ ಲಿಯು ಸಿಶಿನ್ ಅವರ ‘ದಿ ತ್ರೀ-ಬಾಡಿ ಪ್ರಾಬ್ಲಂ’ ಶ್ರೇಷ್ಠ ಕಾದಂಬರಿಯಾಯಿತು. ಅನುವಾದಿತ ಕಾದಂಬರಿಗೆ ಹ್ಯೂಗೋ ಸಂದದ್ದು ಅದೇ ಮೊದಲು.

ನೆಬ್ಯುಲಾವನ್ನು ಅಮೆರಿಕದ ವಿಜ್ಞಾನಕಥಾ ಲೇಖಕರ ಸಂಘ 1966ರಿಂದ ಕೊಡುತ್ತಿದೆ. ಮೊದಲ ಕಾದಂಬರಿ ಪ್ರಶಸ್ತಿ ಫ್ರಾಂಕ್ ಹರ್ಬರ್ಟರ ‘ಡ್ಯೂನ್’ಗೆ, ಆ ವರ್ಷದ ಹ್ಯೂಗೋವನ್ನೂ ಅದು ಹಂಚಿಕೊಂಡಿತು.

ಮತ್ತೆ ಹ್ಯೂಗೋಗೆ ಬಂದರೆ, ಲೇಖಕಿ ಎನ್. ಕೆ. ಜೆಮಿಸಿನ್: 2016, 2017, 2018—ಸತತ ಮೂರು ವರ್ಷ ಶ್ರೇಷ್ಠ ಕಾದಂಬರಿಯ ಹ್ಯೂಗೋ ಗೆದ್ದ ಮೊದಲಿಗರು. ಒಂದೇ ಕಥಾಸರಣಿಯ ಮೂರೂ ಪುಸ್ತಕಗಳಿಗೆ! ಎಲ್ಲಿಂದ ಶುರು ಮಾಡಲಿ ಎಂದರೆ, ಸರಣಿಯ ಮೊದಲ ಪುಸ್ತಕ ‘ದಿ ಫಿಫ್ತ್ ಸೀಸನ್’ ಹುಡುಕಿ ಓದಿ.