ಮುಖದಾಕ್ಷಿಣ್ಯ ಮತ್ತು ಲಂಚ: ಚುನಾವಣೆಯ ಹೊತ್ತಿನಲ್ಲಿ ಯಾಜಕರ ಹೊಣೆ

ಭ್ರಷ್ಟಾಚಾರವನ್ನು ಖಂಡಿಸದ ರಾಜಕೀಯ ಪಕ್ಷವಿಲ್ಲ. ಆದರೂ ಭ್ರಷ್ಟರೆಂದು ಜನರೇ ದೂರುವವರು ಪುನಃ ಪುನಃ ಆರಿಸಿ ಬರುತ್ತಾರೆ. ಇದಕ್ಕೆ ಹಣಬಲವೊಂದೇ ಕಾರಣವಲ್ಲ. ‘ಹೇಗಿದ್ದರೂ ನಮ್ಮವನು’ ಎಂಬ ಮಾತು ಹಣಕ್ಕಿಂತಲೂ ಬಲವಾದುದು. ಹಲವು ಜಾತಿ, ಮತ, ಭಾಷೆಗಳ ನಾಡಿನಲ್ಲಿ ಮತದಾನದ ಮೂಲಕ ಭ್ರಷ್ಟಾಚಾರವನ್ನು ಎದುರಿಸಬೇಕಾದರೆ ಮೊದಲು ಪರಿಶೀಲಿಸಬೇಕಾದುದು ಈ ಮಾತನ್ನೇ.

ನಮ್ಮ ಜಿಲ್ಲೆಯ ನಿದರ್ಶನ

2023ರ ಮಾರ್ಚ್ 2ರಂದು ದಾವಣಗೆರೆ ಜಿಲ್ಲೆಯ ಚನ್ನಗಿರಿ ಕ್ಷೇತ್ರದ ಅಂದಿನ ಶಾಸಕರ ಪುತ್ರ, ಸ್ವತಃ ಸರ್ಕಾರಿ ಅಧಿಕಾರಿ, 40 ಲಕ್ಷ ರೂಪಾಯಿ ಲಂಚ ಪಡೆದ ಆರೋಪದ ಮೇಲೆ ಬೆಂಗಳೂರಿನಲ್ಲಿ ಲೋಕಾಯುಕ್ತ ಪೊಲೀಸರ ವಶವಾದರು. ಕೆಲವೇ ದಿನಗಳಲ್ಲಿ ಶಾಸಕರಿಗೆ ಮಧ್ಯಂತರ ನಿರೀಕ್ಷಣಾ ಜಾಮೀನು ದೊರೆತಾಗ ಬೆಂಬಲಿಗರು ಅವರನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡರು. ತಪ್ಪು-ಒಪ್ಪುಗಳ ನಿರ್ಣಯ ನ್ಯಾಯಾಲಯದ್ದು, ನಮ್ಮದಲ್ಲ. ನಮ್ಮನ್ನು ಚಿಂತನೆಗೆ ಹಚ್ಚಬೇಕಾದುದು ಆ ಮೆರವಣಿಗೆ. ತನಿಖೆ ಮುಗಿಯುವ ಮೊದಲೇ ಅಲ್ಲಿ ಅಭಿಮಾನವು ತೀರ್ಪು ನೀಡಿತ್ತು. ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಕ್ಷೇತ್ರವು ಬೇರೆ ಪಕ್ಷದ ಪಾಲಾಯಿತು. ಆದರೆ ಪಕ್ಷ ಬದಲಾದ ಮಾತ್ರಕ್ಕೆ ಮತದಾರರ ಅಳತೆಗೋಲು ಬದಲಾಯಿತೆಂದು ಹೇಳಲಾಗದು.

ಹರಿಹರದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ಪೂಜೆಗೊಳ್ಳುತ್ತಾರೆ. ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಎಲ್ಲ ಸಮುದಾಯದವರೂ ಹರಕೆ ಹೊತ್ತು ಬರುತ್ತಾರೆ. ಹೀಗೆ ಪ್ರಾರ್ಥನೆಯಲ್ಲಿ ಬೆರೆಯುವ ಜನರೇ ಚುನಾವಣೆ ಬಂದೊಡನೆ ಸಮುದಾಯವಾರು ಲೆಕ್ಕವಾಗಿ ಬೇರೆಯಾಗುತ್ತಾರೆ.

ಪವಿತ್ರ ಗ್ರಂಥದ ಸಾಕ್ಷ್ಯ

ಧರ್ಮೋಪದೇಶಕಾಂಡ 16:19 ಮುಖದಾಕ್ಷಿಣ್ಯವನ್ನೂ ಲಂಚವನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸುತ್ತದೆ. 10:17ರಲ್ಲಿ ಸ್ವತಃ ದೇವರ ಸ್ವಭಾವವನ್ನು ವರ್ಣಿಸುವಾಗಲೂ ಇವೆರಡೂ ಜೊತೆಯಾಗಿ ಬರುತ್ತವೆ: ಪಕ್ಷಪಾತ ತೋರದಿರುವುದು, ಲಂಚ ತೆಗೆದುಕೊಳ್ಳದಿರುವುದು. ಈ ಜೋಡಣೆ ಆಕಸ್ಮಿಕವಲ್ಲ. ಲಂಚವು ಹಣ ಕೊಟ್ಟವನ ಕಡೆಗೆ ನ್ಯಾಯವನ್ನು ವಾಲಿಸುತ್ತದೆ. ಮುಖದಾಕ್ಷಿಣ್ಯವು ನಮ್ಮವನ ಕಡೆಗೆ ವಾಲಿಸುತ್ತದೆ. ಎರಡರಲ್ಲಿಯೂ ನಷ್ಟಕ್ಕೊಳಗಾಗುವವರು ಯಾರ ಕಡೆಯವರೂ ಅಲ್ಲದ ಅನಾಥರು, ವಿಧವೆಯರು, ಪರದೇಶಿಗಳು. 10:18 ಅವರನ್ನೇ ಹೆಸರಿಸುತ್ತದೆ.

ಸಮುವೇಲನ ಮಕ್ಕಳು ಲಂಚಕೋರರಾದಾಗ ಇಸ್ರಯೇಲಿನ ಹಿರಿಯರು ತಂದೆಯ ಮುಖ ನೋಡಿ ಸುಮ್ಮನಾಗಲಿಲ್ಲ (1 ಸಮುವೇಲ 8:1-5). ಆದರೆ ಅವರು ಬಯಸಿದ ಪರಿಹಾರವೆಂದರೆ ಅರಸ. ಆ ಅರಸನೂ ಜನರ ಹೊಲ-ತೋಟಗಳನ್ನು ಕಸಿಯುವನೆಂದು ಸಮುವೇಲನು ಎಚ್ಚರಿಸಿದನು. ಆಳುವವರನ್ನು ಬದಲಿಸುವುದು ಅಗತ್ಯವಾಗಬಹುದು, ಆದರೆ ಅಷ್ಟೇ ಸಾಲದು. ಮುಂದೆ ಸಮುವೇಲನು, ತಾನು ಯಾರ ಎತ್ತನ್ನು ಕಸಿದೆನೆಂದು ಜನರ ಮುಂದೆಯೇ ಕೇಳಿ, ತನ್ನನ್ನು ತಾನೇ ವಿಚಾರಣೆಗೆ ಒಡ್ಡಿಕೊಂಡನು (12:3). ನಾಯಕನ ಲಕ್ಷಣ ಅದು.

ಕಾನೂನು ಮತ್ತು ಧರ್ಮಸಭೆ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಸೆಕ್ಷನ್ ಕೂಡ ಲಂಚವನ್ನೂ, ಧರ್ಮ-ಜಾತಿಗಳ ಹೆಸರಿನಲ್ಲಿ ಮತ ಕೇಳುವುದನ್ನೂ ಭ್ರಷ್ಟ ಆಚರಣೆಗಳೆಂದು ಒಟ್ಟಿಗೆ ಪಟ್ಟಿಮಾಡುತ್ತದೆ. ಈ ನಿಷೇಧ ಮತದಾರರ ಧರ್ಮ-ಜಾತಿಗೂ ಅನ್ವಯಿಸುತ್ತದೆಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ದೈವಕೋಪದ ಭಯ ಹುಟ್ಟಿಸಿ ಮತ ಪಡೆಯುವುದೂ ಅದೇ ಸೆಕ್ಷನ್ನಿನಡಿ ಅಕ್ರಮ. ಯಾಜಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಾರ್ವಜನಿಕ ಹಿತಕ್ಕಾಗಿ ಸ್ವತಂತ್ರವಾಗಿ ಮತ ನೀಡುವುದು ಹಕ್ಕೂ ಹೌದು, ಕರ್ತವ್ಯವೂ ಹೌದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು (ಗೌದಿಯುಂ ಎತ್ ಸ್ಪೆಸ್, 75). ಧರ್ಮಸಭೆಯು ಯಾವ ರಾಜಕೀಯ ವ್ಯವಸ್ಥೆಗೂ ಕಟ್ಟುಬಿದ್ದುದಲ್ಲವೆಂದೂ ಅದೇ ದಾಖಲೆ ಹೇಳುತ್ತದೆ (76). ಆದ್ದರಿಂದ ಅಭ್ಯರ್ಥಿಯ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಮೌನವಾಗಿರುವುದೂ ನಮ್ಮ ಕೆಲಸವಲ್ಲ.

ಪಾಲನಾಸೇವೆಯಲ್ಲಿ

ಮೊದಲ ಪ್ರಶ್ನೆ ನಮಗೇ ಸಂಬಂಧಿಸಿದ್ದು. ದೇವಾಲಯದ ಕಾಂಪೌಂಡು ಗೋಡೆಗೋ ಸಮುದಾಯ ಭವನಕ್ಕೋ ಅಭ್ಯರ್ಥಿಯಿಂದ ನೆರವು ಪಡೆದು ‘ನಮ್ಮ ಜನರ ಮತ ನಿಮಗೇ’ ಎಂದರೆ ಅದು ಸಮುದಾಯದ ಹೆಸರಿನಲ್ಲಿ ಪಡೆದ ಲಂಚ. ಸ್ಮಶಾನಭೂಮಿಯನ್ನು ನಾಗರಿಕರ ಹಕ್ಕಾಗಿ ಬಹಿರಂಗ ಮನವಿಯಲ್ಲಿ ಕೇಳುವುದು ಬೇರೆ. ಇವೆರಡನ್ನು ಗುರುತಿಸಲು ಒಂದು ಸರಳ ಪರೀಕ್ಷೆಯಿದೆ: ಈ ಬೇಡಿಕೆಯನ್ನು ಅನ್ಯ ಸಮುದಾಯದ ನೆರೆಯವರ ಎದುರಿನಲ್ಲಿ ಗಟ್ಟಿಯಾಗಿ ಓದಬಲ್ಲೆವೇ?

ಎರಡನೆಯದು ಪಾಪನಿವೇದನೆಯ ಪೀಠದಲ್ಲಿ ಎದುರಾಗುವುದು. ಹಣ ಪಡೆದು ದೇವರ ಆಣೆ ಮಾಡಿದ ಬಡ ತಾಯಿಗೆ ಆ ಆಣೆ ಬಂಧಿಸುವುದೇ? ಇಲ್ಲ. ಸಾರ್ವಜನಿಕ ಹಿತಕ್ಕೆ ಹಾನಿ ತರುವ ಕ್ರಿಯೆಗೆ ಆಣೆಯು ಬಲ ಕೊಡದೆಂದು ಧರ್ಮಸಭೆಯ ಕಾನೂನು ಸಂಹಿತೆ (1201) ಸ್ಪಷ್ಟಪಡಿಸುತ್ತದೆ. ಹಣ ಪಡೆದದ್ದು ತಪ್ಪೇ. ಆದರೂ ಆಕೆಯ ಮನಸ್ಸಾಕ್ಷಿ ಮಾರಾಟವಾಗಿಲ್ಲ, ಆಕೆ ಸ್ವತಂತ್ರಳೆಂದು ತಿಳಿಸಬೇಕು. ಬಡತನವನ್ನು ಬಳಸಿಕೊಂಡವನ ದೋಷವೇ ಹೆಚ್ಚಿನದು.

ಮೂರನೆಯದು ತಿಳಿವಳಿಕೆಯ ಕೆಲಸ. ಆಸ್ತಿ ಹಾಗೂ ಮೊಕದ್ದಮೆಗಳ ವಿವರವನ್ನು ಅಭ್ಯರ್ಥಿಗಳು ಪ್ರಮಾಣಪತ್ರದಲ್ಲಿ ಸಲ್ಲಿಸಲೇಬೇಕು. ಬಲಿಪೂಜೆಯಲ್ಲಿ ಅಲ್ಲ, ಧರ್ಮಕೇಂದ್ರದ ಸಭೆಯಲ್ಲಿ, ಸಾಧ್ಯವಾದರೆ ಅನ್ಯಧರ್ಮೀಯ ನೆರೆಯವರ ಜೊತೆಗೂಡಿ, ಎಲ್ಲ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನೂ ಸಮನಾಗಿ ಓದಬಹುದು. ಯಾರೂ ಯೋಗ್ಯರೆನಿಸದಿದ್ದರೆ 2013ರಿಂದ ನೋಟಾ ಇದೆ.

‘ನಮ್ಮವನು’ ಯಾರೆಂಬುದಕ್ಕೆ ಪ್ರಭು ದಯಾಳು ಸಮಾರಿಯದವನ ಸಾಮತಿಯಲ್ಲಿ ಉತ್ತರಿಸಿದ್ದಾರೆ. ಮತಗಟ್ಟೆಗೆ ಹೋಗುವ ಕ್ರೈಸ್ತನಿಗೆ ಬೇರೆ ಉತ್ತರವಿಲ್ಲ.