ಧಾರೆಯ ದಿನಕ್ಕೆ ಮುಖ ನೀಲಿಗಟ್ಟದಿರಲಿ

ಏಪ್ರಿಲ್, ಮೇ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮದುವೆಗೆ ಹಾಲ್ ಸಿಗುವುದೇ ಕಷ್ಟ. ಬೆಂಗಳೂರು, ಮುಂಬೈ, ದುಬೈಯಲ್ಲಿರುವವರು ಹತ್ತು ದಿನದ ರಜೆ ಹಾಕಿ ಊರಿಗೆ ಬರುತ್ತಾರೆ. ಸೀರೆ, ಬಂಗಾರ, ಮದರಂಗಿ ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಈಗ ಆ ಪಟ್ಟಿಗೆ ಹಣೆಗೆ ಬೊಟಾಕ್ಸ್, ತುಟಿಗೆ ಫಿಲ್ಲರ್ ಸಹ ಸೇರಿಕೊಳ್ಳುತ್ತಿವೆ. ಧಾರೆಗೆ ನಾಲ್ಕು ದಿನವಿರುವಾಗ ಚುಚ್ಚಿಸಿಕೊಂಡು ಬಂದರೆ ಚಪ್ಪರದಡಿ ಎದುರಾಗುವ ದೊಡ್ಡಮ್ಮ, "ಮೊಕಕ್ಕೆ ಎಂತ ಆಯ್ತ್ ಮಾರಾಯ್ತಿ?" ಎಂದು ಕೇಳದೆ ಬಿಡುವುದಿಲ್ಲ.

ಬೊಟಾಕ್ಸ್ ಸೌಂದರ್ಯಕ್ಕೆ ಬಂದದ್ದೇ ಆಕಸ್ಮಿಕವಾಗಿ. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕರುದರ್ಸ್, ರೆಪ್ಪೆ ಸೆಳೆತದ ರೋಗಿಗಳಿಗೆ ಇದನ್ನು ಕೊಡುತ್ತಿದ್ದಾಗ ಹುಬ್ಬುಗಳ ನಡುವಿನ ಗೆರೆಯೂ ಮಾಯವಾದದ್ದು ಗಮನಕ್ಕೆ ಬಂತು. ಚರ್ಮವೈದ್ಯರಾದ ಪತಿ ಅಲಸ್ಟೇರ್ ಜತೆ ಅವರು 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಹುಬ್ಬುಗಳ ನಡುವಿನ ಗೆರೆಗೆ ಅಮೆರಿಕ ಅನುಮತಿ ಕೊಟ್ಟದ್ದು 2002ರಲ್ಲಿ.

ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುತ್ತದೆ. ಫಿಲ್ಲರ್ ಜಾಗ ತುಂಬುತ್ತದೆ. ಹೆಚ್ಚಿನ ಫಿಲ್ಲರ್‌ಗಳಲ್ಲಿರುವುದು ಹಯಲುರಾನಿಕ್ ಆಮ್ಲ. ಅವಲಕ್ಕಿಯಂತೆ ಅದು ನೀರನ್ನು ಹೀರಿಕೊಳ್ಳುವ ವಸ್ತು, ಹಾಗಾಗಿ ಒಂದಿಷ್ಟು ಬಾವು ಬಂದೇ ಬರುತ್ತದೆ. ತುಟಿಯಲ್ಲಿ ಇದು ಜಾಸ್ತಿ. ಮೊದಲ ಒಂದೆರಡು ದಿನ ಏರಿ, ವಾರ ಎರಡು ವಾರದಲ್ಲಿ ಇಳಿಯುತ್ತದೆ. ನೀಲಿಗಟ್ಟುವುದು ಬೇರೆ ಕಥೆ: ಸೂಜಿ ಸಣ್ಣ ರಕ್ತನಾಳಕ್ಕೆ ತಾಗಿ ರಕ್ತ ಚರ್ಮದಡಿ ಸೋರಿರುತ್ತದೆ. ದೇಹ ಅದನ್ನು ಒಡೆಯುತ್ತ ಹೋದಂತೆ ನೀಲಿ ಹಸಿರಾಗಿ, ಹಸಿರು ಹಳದಿಯಾಗಿ ಮಾಸುತ್ತದೆ. ಆ ಹಳದಿಗೆ ಕಾರಣ ಬಿಲಿರುಬಿನ್, ಕಾಮಾಲೆಯಲ್ಲಿ ಕಣ್ಣಿಗೆ ಬಣ್ಣ ಕೊಡುವ ಅದೇ ವಸ್ತು. ಹಳದಿ ಕಂಡರೆ ಗುರುತು ವಾಸಿಯಾಗುತ್ತಿದೆ ಎಂದೇ ಲೆಕ್ಕ.

ನೀಲಿ ಎಷ್ಟಾಗುತ್ತದೆ ಎಂಬುದು ಬಹುಪಾಲು ಚುಚ್ಚುವ ಮೊದಲೇ ನಿರ್ಧಾರವಾಗಿರುತ್ತದೆ. ಬ್ರೂಫೆನ್‌ನಂಥ ನೋವಿನ ಮಾತ್ರೆ, ಮೀನೆಣ್ಣೆಯ ಕ್ಯಾಪ್ಸೂಲ್, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲವು. ಒಂದೆರಡು ವಾರ ಮುಂಚೆ ಇವನ್ನು ನಿಲ್ಲಿಸಲು ವೈದ್ಯರು ಹೇಳುವುದುಂಟು. (ಊಟದ ಬಂಗುಡೆ ಬಿಡಬೇಕಾಗಿಲ್ಲ, ನಮ್ಮವರಿಗೆ ಆ ಸಮಾಧಾನ ಸಾಕು.) ಆದರೆ ಸ್ಟೆಂಟ್ ಹಾಕಿಸಿಕೊಂಡ ಅಮ್ಮನೋ ಚಿಕ್ಕಮ್ಮನೋ ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ, ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ನೀಲಿ ಗುರುತು ಒಂದೆರಡು ವಾರದಲ್ಲಿ ಹೋಗುತ್ತದೆ, ಹೃದಯಾಘಾತದ ಮಾತು ಹಾಗಲ್ಲ. ಹಿಂದಿನ ದಿನ ಮದ್ಯ ಬೇಡ. ಚುಚ್ಚುವವರ ಕೈಗುಣವೂ ಮುಖ್ಯ. ಫಿಲ್ಲರ್‌ಗೆ ಮೊನಚು ಸೂಜಿಯ ಬದಲು ತುದಿ ಮೊಂಡಾದ ಕ್ಯಾನುಲಾ ಬಳಸಿ, ನಿಧಾನವಾಗಿ ಒತ್ತಿದರೆ ರಕ್ತನಾಳಕ್ಕೆ ಪೆಟ್ಟು ಕಡಿಮೆ.

ಮನೆಗೆ ಬಂದ ಮೇಲೆ ಮಾಡುವುದು ಸರಳ. ಐಸನ್ನು ಬಟ್ಟೆಯಲ್ಲಿ ಸುತ್ತಿ, ಹತ್ತು ನಿಮಿಷ ಒತ್ತದೆ ಇಟ್ಟು ತೆಗೆಯುವುದು, ಬಿಟ್ಟು ಬಿಟ್ಟು ಮತ್ತೆ ಇಡುವುದು. ರಾತ್ರಿ ಎರಡು ದಿಂಬು. ನೋವಿದ್ದರೆ ಪ್ಯಾರಾಸಿಟಮಾಲ್. ಒಂದೆರಡು ದಿನ ಜಿಮ್ ಬೇಡ, ಮರವಂತೆಯ ಮಧ್ಯಾಹ್ನದ ಬಿಸಿಲೂ ಬೇಡ. ಕಷ್ಟದ್ದು ಇನ್ನೊಂದಿದೆ: ಬಚ್ಚಲುಮನೆಯ ಹಂಡೆ. ಮದುಮಕ್ಕಳಿಗೆ ಎಣ್ಣೆ ತಿಕ್ಕಿ, ಹಬೆಯಾಡುವ ನೀರು ಹೊಯ್ಯದಿದ್ದರೆ ಅಜ್ಜಿಗೆ ಸಮಾಧಾನವಿಲ್ಲ. ಶಾಖಕ್ಕೆ ರಕ್ತನಾಳ ಹಿಗ್ಗಿ ಬಾವು ಏರುತ್ತದೆ. ತಿಕ್ಕಿದರೆ ಫಿಲ್ಲರ್ ಜಾಗ ಬಿಡಬಹುದು, ಬೊಟಾಕ್ಸ್ ಪಕ್ಕದ ಸ್ನಾಯುವಿಗೆ ಹರಡಿ ರೆಪ್ಪೆ ಜೋತು ಬೀಳಬಹುದು. ಅರಶಿನದ ಲೇಪವೂ ಆ ದಿನಗಳಲ್ಲಿ ಬೇಡ. ಸೂಜಿಯ ತೂತು ಇನ್ನೂ ಹಸಿ, ಸಾಲದ್ದಕ್ಕೆ ಅರಶಿನ ಮೆತ್ತಿದ ಚರ್ಮದ ನಿಜವಾದ ಬಣ್ಣವೇ ಕಾಣದು. ಆರ್ನಿಕಾ ಮುಲಾಮು, ಅನಾನಸಿನ ಬ್ರೊಮೆಲೈನ್ ಮಾತ್ರೆಗಳಿಗೆ ಹೆಸರು ದೊಡ್ಡದು, ಪುರಾವೆ ಸಣ್ಣದು.

ಬಣ್ಣ ಕಾಣಬೇಕು ಎಂಬುದಕ್ಕೆ ಕಾರಣವಿದೆ. ಅಪರೂಪಕ್ಕೆ ಫಿಲ್ಲರ್ ರಕ್ತನಾಳದೊಳಗೇ ಹೋಗಿ ಅಡ್ಡಗಟ್ಟುತ್ತದೆ. ಆಗ ಚರ್ಮ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಬಲೆ ಹೆಣೆದಂತೆ ನೀಲಿ ಗೆರೆಗಳು ಏಳುತ್ತವೆ. ನೋವು ಏರುತ್ತಲೇ ಹೋಗಬಹುದು. ದೃಷ್ಟಿ ಮಂಜಾದರಂತೂ ಒಂದು ನಿಮಿಷವೂ ಕಾಯುವಂತಿಲ್ಲ. ಇಂಥ ಹೊತ್ತಿನಲ್ಲಿ ಐಸ್ ಇಡಬಾರದು. ಫಿಲ್ಲರ್ ಕರಗಿಸುವ ಹಯಲುರಾನಿಡೇಸ್ ಎಂಬ ಮದ್ದು ಬೇಗ ಸಿಗಬೇಕು, ತಡವಾದರೆ ಚರ್ಮ ಸಾಯಬಹುದು. ನಾಲಗೆ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ, ಆಗಲೂ ತುರ್ತು ಚಿಕಿತ್ಸೆಯೇ ಬೇಕು. ಕೆಲವು ದಿನಗಳ ಮೇಲೆ ಜ್ವರ, ಬಿಸಿ, ಕೀವು ಕಂಡರೆ ಸೋಂಕು.

ಈ ಕಡೆಯವರು ಯೋಚಿಸಬೇಕಾದದ್ದು ದೂರ. ಬ್ರಹ್ಮಾವರದಿಂದ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರವೇ. ಬೈಂದೂರಿನಿಂದ ಸುಮಾರು 70 ಕಿಲೋಮೀಟರ್, ಅದೂ ಹೆದ್ದಾರಿ 66ರಲ್ಲಿ. ಬೆಂಗಳೂರಿನಲ್ಲಿ ಚುಚ್ಚಿಸಿಕೊಂಡು ಅದೇ ರಾತ್ರಿ ಸ್ಲೀಪರ್ ಬಸ್ ಹತ್ತುವುದು ನನ್ನ ಮಟ್ಟಿಗೆ ಹುಂಬತನ. ಒಂದು ದಿನ ಅಲ್ಲೇ ಉಳಿದು ಬನ್ನಿ. ಧಾರೆಗೆ ಮೂರು ನಾಲ್ಕು ವಾರವಿರುವಾಗಲೇ ಮಾಡಿಸಿಕೊಂಡರೆ ಬಾವು ಇಳಿಯಲೂ ಬೊಟಾಕ್ಸ್ ಪೂರ್ತಿ ಹಿಡಿಯಲೂ ಸಮಯವಿರುತ್ತದೆ. ಪಾರ್ಲರ್‌ನಲ್ಲಂತೂ ಸೂಜಿಗೆ ಮುಖ ಒಡ್ಡಬೇಡಿ. ಕ್ಲಿನಿಕ್ಕಿನ ಗೋಡೆಯ ಮೇಲೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕೊಟ್ಟ ನೋಂದಣಿ ಪತ್ರವಿದೆಯೇ ನೋಡಿ. ದುಡ್ಡು ಕೊಡುವ ಮೊದಲು, "ಹಯಲುರಾನಿಡೇಸ್ ಇಲ್ಲಿ ಇದೆಯಾ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ?" ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.