ಕಾಸಿಲ್ಲದ ಕಥೆಗಾರಿಕೆ

ಕಾವ್ಯವನ್ನು ಏತಕ್ಕಾಗಿ ಬರೆಯಬೇಕೆಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದರು. ಕಾಶ್ಮೀರದ ಮಮ್ಮಟಾಚಾರ್ಯನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಕೀರ್ತಿ, ಧನ, ವ್ಯವಹಾರಜ್ಞಾನ, ಅಮಂಗಲನಿವಾರಣೆ, ತತ್‌ಕ್ಷಣದ ಪರಮಾನಂದ, ಕಾಂತೆಯ ನುಡಿಯಂತಹ ಹಿತೋಪದೇಶ ಎಂದು ಆರು ಪ್ರಯೋಜನಗಳನ್ನು ಎಣಿಸಿರುವನು. ಇವುಗಳಲ್ಲಿ ಮೊದಲಿನ ಎರಡನ್ನು ತಾವಾಗಿಯೇ ಬಿಟ್ಟುಕೊಟ್ಟು, ಐದನೆಯದೊಂದಕ್ಕಾಗಿಯೇ ಬರೆಯುವ ಜನರು ಇಂದು ಜಗತ್ತಿನಲ್ಲಿ ಲಕ್ಷಾಂತರವಾಗಿ ಇರುವರೆಂದರೆ ವಾಚಕರು ಸುಲಭವಾಗಿ ನಂಬಲಾರರು. ಆದರೂ ಅದು ನಿಜ. ಮತ್ತು ಯೋಚಿಸತಕ್ಕ ವಿಷಯ.

ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎಂಬ ಹೆಸರಿನಿಂದ ನಡೆಯುವ ಈ ಬರವಣಿಗೆಯನ್ನು ಕನ್ನಡದಲ್ಲಿ ಅಭಿಮಾನಿ ಕಥೆಯೆಂದು ಕರೆದರೆ ತಪ್ಪಾಗದು. ಓದುಗನೊಬ್ಬನು ಒಂದು ಕಾದಂಬರಿಯನ್ನೋ ಚಲಚ್ಚಿತ್ರವನ್ನೋ ಮನಸಾರೆ ಮೆಚ್ಚುತ್ತಾನೆ. ಕಥೆ ಮುಗಿದರೂ ಪಾತ್ರಗಳು ಅವನ ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. ಮುಂದೆ ಅವರು ಏನಾದರು, ಮೂಲಲೇಖಕನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಹತ್ತು ವರ್ಷಗಳು ಹೇಗೆ ಕಳೆದವು, ಸತ್ತವನು ಸಾಯದೆ ಉಳಿದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳಿಗೆ ತಾನೇ ಕಥೆ ಬರೆದು ಉತ್ತರ ಹುಡುಕುತ್ತಾನೆ. ಬರೆದುದನ್ನು ಅಂತರ್ಜಾಲದಲ್ಲಿ ತನ್ನಂತಹ ಅಭಿಮಾನಿಗಳ ಮುಂದಿಡುತ್ತಾನೆ. ಸಂಭಾವನೆಯಿಲ್ಲ, ಅನೇಕ ವೇಳೆ ನಿಜನಾಮಧೇಯವೂ ಇಲ್ಲ. ಇದನ್ನು ಕಂಡ ಹಿರಿಯರು, ಪರರ ಅಂಗಳದಲ್ಲಿ ಆಡುವ ಹುಡುಗಾಟಿಕೆಯೆಂದು ಮೂಗು ಮುರಿಯುವರು. ಈ ತಿರಸ್ಕಾರವು ಎಷ್ಟರ ಮಟ್ಟಿಗೆ ನ್ಯಾಯವಾದುದೆಂಬುದನ್ನು ಇಲ್ಲಿ ವಿಚಾರಿಸೋಣ.

ಈ ಹವ್ಯಾಸವು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಆರ್ಥರ್ ಕೋನನ್ ಡಾಯ್ಲನು ೧೮೯೩ರ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತದ ಕಂದರಕ್ಕೆ ಕೆಡವಿ ಕೈತೊಳೆದುಕೊಂಡಾಗ ವಾಚಕರು ಅದನ್ನು ಒಪ್ಪಲಿಲ್ಲ. ೧೯೦೩ರಲ್ಲಿ ಲೇಖಕನೇ ಅವನನ್ನು ಬದುಕಿಸಿ ತರಬೇಕಾಯಿತು. ಹೋಮ್ಸನನ್ನು ಕುರಿತು ಅನ್ಯರು ಬರೆದ ಕಥೆಗಳು ಡಾಯ್ಲನ ಜೀವಮಾನದಲ್ಲಿಯೇ ಹೊರಬಂದವು. ಅವನ ಮಿತ್ರನಾದ ಜೆ. ಎಂ. ಬ್ಯಾರಿಯು ವಿನೋದಕ್ಕಾಗಿ ಬರೆದ ಅಂತಹ ಒಂದು ಕಥೆಯನ್ನು ಡಾಯ್ಲನು ೧೯೨೪ರ ತನ್ನ ಆತ್ಮವೃತ್ತಾಂತದಲ್ಲಿ ಸಂತೋಷದಿಂದಲೇ ಸೇರಿಸಿಕೊಂಡನು. ಮುಂದೆ ೧೯೬೬ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವ್ಯೋಮಯಾನದ ಕಥಾಮಾಲೆಯು ಆರಂಭವಾಯಿತು. ಮರುವರ್ಷವೇ ‘ಸ್ಪಾಕನೇಲಿಯ’ ಎಂಬ ಅಭಿಮಾನಿ ಪತ್ರಿಕೆಯು ಹೊರಟಿತು. ಇಂತಹ ಪತ್ರಿಕೆಗಳನ್ನು ಟೈಪು ಮಾಡಿ, ಪ್ರತಿ ತೆಗೆದು, ಅಂಚೆಯಲ್ಲಿ ಹಂಚಿದವರಲ್ಲಿ ಬಹುಮಂದಿ ಸ್ತ್ರೀಯರೇ ಆಗಿದ್ದರು. ಪತ್ರಿಕೆ ನಡೆಸುವುದೆಂದರೆ ಕಾಗದದ ಬೆಲೆ, ಮಸಿಯ ಬೆಲೆ, ಅಂಚೆಯ ಬೆಲೆ ಏನೆಂಬುದನ್ನು ಬಲ್ಲ ನಾವು ಆ ಮಹಿಳೆಯರ ಉತ್ಸಾಹಕ್ಕೆ ತಲೆದೂಗದೆ ಇರಲಾರೆವು.

ನಮ್ಮ ಸಾಹಿತ್ಯವನ್ನು ನೋಡಿದರೆ ಈ ಪ್ರವೃತ್ತಿಯು ಅಪರಿಚಿತವಲ್ಲ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭೂಗರ್ಭವನ್ನು ಸೇರಿದ ಸೀತೆಯನ್ನು ಭವಭೂತಿಯು ‘ಉತ್ತರರಾಮಚರಿತ’ದಲ್ಲಿ ರಾಮನೊಡನೆ ಪುನಃ ಕೂಡಿಸಿದನು. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯನ್ನಾಗಿಸಿದನು. ರನ್ನನು ದುರ್ಯೋಧನನ ಛಲಕ್ಕೂ ಶೋಕಕ್ಕೂ ವಾಚಕನ ಹೃದಯವು ಕರಗುವಂತೆ ಮಾಡಿದನು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಯು ಬಾಣ ತಿಂದು ಬಿದ್ದ ವಾಲಿಯ ಪಕ್ಷವನ್ನು ಹಿಡಿದು ಸಾಕ್ಷಾತ್ ಶ್ರೀರಾಮನೊಡನೆ ವಾದಿಸುವುದನ್ನು ಜನರು ರಾತ್ರಿಯೆಲ್ಲ ಎದ್ದು ಕುಳಿತು ಕೇಳುವರು. ಹಾಗೆಂದು ಇಂದಿನ ಅಭಿಮಾನಿ ಕಥೆಗಾರರೆಲ್ಲರೂ ರನ್ನ ಭವಭೂತಿಗಳೆಂದು ನಾವು ಹೇಳುತ್ತಿಲ್ಲ. ಭಾರತ ರಾಮಾಯಣಗಳು ಊರ ಕೆರೆಯಿದ್ದಂತೆ, ಎಲ್ಲರ ಸ್ವತ್ತು. ಈ ಕಾಲದ ಕಾದಂಬರಿಯು ಒಬ್ಬನು ತೋಡಿಸಿದ ಬಾವಿ. ಈ ಭೇದವನ್ನು ಮರೆಯತಕ್ಕದ್ದಲ್ಲ. ಆದರೆ ಬೇರೊಬ್ಬನು ಸೃಷ್ಟಿಸಿದ ಪಾತ್ರವನ್ನು ಕುರಿತು ಬರೆಯುವುದೇ ಹೀನವೆನ್ನುವವರು ತಮ್ಮ ಮನೆಯ ಅಟ್ಟದ ಮೇಲಿರುವ ಗ್ರಂಥಗಳನ್ನು ಮೊದಲು ಇಳಿಸಿ ನೋಡಲಿ.

ಇನ್ನು ಆನಂದದ ಮಾತು. ತನ್ನ ಕೃತಿಯನ್ನು ಮೆಚ್ಚುವ ಸಮಾನಧರ್ಮನು ಎಂದಾದರೂ ಎಲ್ಲಿಯಾದರೂ ಹುಟ್ಟಿಯಾನೆಂದು ಭವಭೂತಿಯು ಸಮಾಧಾನ ತಂದುಕೊಂಡನು. ಅಭಿಮಾನಿ ಕಥೆಗಾರನಿಗೆ ಅಷ್ಟು ದೀರ್ಘಕಾಲ ಕಾಯುವ ಕಷ್ಟವಿಲ್ಲ. ರಾತ್ರಿ ಪ್ರಕಟಿಸಿದ ಅಧ್ಯಾಯಕ್ಕೆ ಬೆಳಗಾಗುವುದರೊಳಗೆ ಸಮುದ್ರದಾಚೆಯಿಂದ ಯಾರೋ ಎರಡು ಸಾಲು ಬರೆದಿರುತ್ತಾರೆ. ಅವರಿಗೆ ಪಾತ್ರಗಳ ಪರಿಚಯ ಮಾಡಿಕೊಡಬೇಕಾದುದಿಲ್ಲ. ಇವನಷ್ಟೇ ಅವರೂ ಆ ಪಾತ್ರಗಳನ್ನು ಪ್ರೀತಿಸಿದವರು. ಪ್ರಕಟಣೆಗೆ ಮುಂಚೆ ಹಸ್ತಪ್ರತಿಯನ್ನು ತಿದ್ದಿಕೊಡುವ ಮಿತ್ರರೂ ಉಂಟು. ಆ ಬಳಗದಲ್ಲಿ ಅವರಿಗೆ ಬೀಟಾ ಎಂದು ಹೆಸರು. ಅವರೂ ಕಾಸು ಮುಟ್ಟುವುದಿಲ್ಲ. ಕಚೇರಿಯಲ್ಲಿ ಹಗಲೆಲ್ಲ ಪರರ ಕಡತಗಳಿಗೆ ಟಿಪ್ಪಣಿ ಬರೆದು ಬೇಸತ್ತ ಗುಮಾಸ್ತನಿಗೆ, ಮನೆಗೆಲಸ ಮುಗಿಸಿ ಒಂದು ಗಂಟೆಯ ಬಿಡುವು ಕಂಡ ಗೃಹಿಣಿಗೆ, ಪರೀಕ್ಷೆಯ ಹೊರೆಯಿಂದ ಕುಗ್ಗಿದ ವಿದ್ಯಾರ್ಥಿಗೆ, ತನ್ನ ಮಾತಿಗಾಗಿ ಯಾರೋ ಕಾದಿರುವರೆಂಬ ಅರಿವು ಅಲ್ಪವಾದ ಲಾಭವೇ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪುಕ್ಕಟೆಯಾಗಿ ಬೆಳೆದ ಫಸಲು ಕಂಡಲ್ಲಿ ವ್ಯಾಪಾರಿಯು ಮೂಟೆ ಹಿಡಿದು ಬರುವುದು ಲೋಕರೂಢಿ. ೨೦೦೭ರಲ್ಲಿ ಒಂದು ಕಂಪನಿಯು ಅಭಿಮಾನಿಗಳ ಕಥೆಗಳನ್ನು ಒಟ್ಟುಗೂಡಿಸಿ ಲಾಭ ಮಾಡಲು ಹೊರಟಾಗ, ಅಭಿಮಾನಿಗಳು ಬರಿದೆ ಗೊಣಗುತ್ತ ಕೂಡಲಿಲ್ಲ. ಅದೇ ವರ್ಷ ತಮ್ಮದೇ ಆದ ಧರ್ಮಾರ್ಥ ಸಂಸ್ಥೆಯೊಂದನ್ನು ಸ್ಥಾಪಿಸಿದರು. ೨೦೦೯ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’, ಅಂದರೆ ನಮ್ಮದೇ ಆದ ಭಂಡಾರ, ಎಂಬ ಕಥಾಕೋಶವನ್ನು ತೆರೆದರು. ಹೆಣ್ಣು ಬರೆಯಬೇಕಾದರೆ ಅವಳದೇ ಆದ ಕೊಠಡಿ ಬೇಕೆಂದು ವರ್ಜೀನಿಯಾ ವುಲ್ಫ್ ೧೯೨೯ರಲ್ಲಿ ಬರೆದ ಗ್ರಂಥದ ಹೆಸರನ್ನು ಇದು ನೆನಪಿಗೆ ತರುವುದು. ಜಾಹೀರಾತುಗಳಿಲ್ಲದೆ, ಸ್ವಯಂಸೇವಕರ ದುಡಿಮೆಯಿಂದಲೂ ಚಂದಾ ಹಣದಿಂದಲೂ ನಡೆಯುವ ಈ ಭಂಡಾರದಲ್ಲಿ ೨೦೧೯ರ ಹೊತ್ತಿಗೆ ಐವತ್ತು ಲಕ್ಷ ಕೃತಿಗಳು ಸೇರಿದ್ದವು. ಅದೇ ವರ್ಷ ವೈಜ್ಞಾನಿಕ ಹಾಗೂ ಅದ್ಭುತ ಕಥಾಸಾಹಿತ್ಯದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿಯು ಅದಕ್ಕೆ ಸಂದಿತು. ೨೦೨೦ರಲ್ಲಿ ಚೀನಾ ದೇಶದಲ್ಲಿ ಅದರ ದಾರಿಯನ್ನು ಮುಚ್ಚಲಾಯಿತು. ಹುಡುಗಾಟಿಕೆಯೆಂದು ನಗುವವರು ಇಷ್ಟನ್ನು ಗಮನಿಸಲಿ: ಬರಿಯ ಆಟಕ್ಕೆ ಯಾರೂ ಬೀಗ ಹಾಕುವುದಿಲ್ಲ.

ಮೂಲಲೇಖಕರ ಆಕ್ಷೇಪಣೆಯನ್ನೂ ನ್ಯಾಯವಾಗಿ ಕೇಳಬೇಕು. ಅಮೆರಿಕದ ಕಾದಂಬರಿಕಾರ್ತಿ ಆನ್ ರೈಸ್ ತನ್ನ ಪಾತ್ರಗಳನ್ನು ಅನ್ಯರು ಮುಟ್ಟಕೂಡದೆಂದು ೨೦೦೦ದಲ್ಲಿ ಬಹಿರಂಗವಾಗಿ ವಿರೋಧಿಸಿದಳು. ವರ್ಷಗಟ್ಟಲೆ ಹೊತ್ತು ಹೆತ್ತ ಪಾತ್ರವನ್ನು ಕಂಡವರು ಕುಣಿಸಿದರೆ ತಾಯಿಗೆ ನೋವಾಗುವುದು ಸಹಜವೇ. ಗ್ರಂಥಸ್ವಾಮ್ಯವೂ ಹುಸಿಯಲ್ಲ, ನಮ್ಮ ದೇಶದಲ್ಲಿ ೧೯೫೭ರ ಕಾಯಿದೆಯ ಮೇರೆಗೆ ಲೇಖಕನು ಗತಿಸಿದ ಮೇಲೆಯೂ ಅರವತ್ತು ವರ್ಷಗಳ ಕಾಲ ಅದು ನಡೆಯುತ್ತದೆ. ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಮೂಲಲೇಖಕನ ಹೆಸರನ್ನು ಮುಚ್ಚಿಡಕೂಡದು, ಕಥೆಯನ್ನು ಮಾರಕೂಡದು, ಬೇಡವೆಂದವನ ಮಾತಿಗೆ ಮರ್ಯಾದೆ ಕೊಡಬೇಕು. ಈ ಮೂರು ಎಲ್ಲೆಗಳೊಳಗೆ ಬರೆಯುವವನು ಲೇಖಕನ ಅನ್ನವನ್ನು ಕಸಿಯುವುದಿಲ್ಲ. ಹೋಮ್ಸನ ಮೇಲೆ ಶತಮಾನಕ್ಕೂ ಮೀರಿ ಅಭಿಮಾನಿಗಳು ಬರೆದರು. ಅದರಿಂದ ಡಾಯ್ಲನನ್ನು ಓದುವವರು ಕಡಿಮೆಯಾಗಲಿಲ್ಲ.

ಕನ್ನಡಿಗರಿಗೆ ಇದರಲ್ಲಿ ಒಂದು ಹಿತವಾದ ಪಾಠವಿದೆ. ಕನ್ನಡದಲ್ಲಿ ಬರೆಯುವವರು ಕಡಿಮೆಯಾಗುತ್ತಿರುವರೆಂದು ಸಭೆಗಳಲ್ಲಿ ದುಃಖಿಸುವ ನಾವೇ, ಮನೆಯ ಮಗಳು ತಾನು ಮೆಚ್ಚಿದ ನಾಯಕಿಯ ಮೇಲೆ ಕಥೆ ಗೀಚಿದರೆ “ಇದರಿಂದ ಏನು ಬಂತು?” ಎಂದು ಕೇಳುತ್ತೇವೆ. ಈಜು ಕಲಿಯುವವನು ಮೊದಲು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಳ್ಳುವನು. ತಯಾರಾದ ಪಾತ್ರವೂ ಹೊಸ ಬರಹಗಾರನಿಗೆ ಅಂತಹ ಆಸರೆ. ಕೆಲವರು ಮುಂದೆ ಆ ಬುರುಡೆಯನ್ನು ಬಿಚ್ಚಿ ದೂರ ಈಜುವರು. ಉಳಿದವರು ದಡದ ಹತ್ತಿರವೇ ನೀರಾಟವಾಡಿ ಸುಖವಾಗಿ ಮನೆಗೆ ಮರಳುವರು. ಅದರಲ್ಲಿ ನಷ್ಟವೇನು? ಎಲ್ಲ ದುಡಿಮೆಗೂ ಬೆಲೆಚೀಟಿ ಅಂಟಿಸುವ ಈ ಕಾಲದಲ್ಲಿ, ಆನಂದಕ್ಕಾಗಿ ಮಾತ್ರ ಬರೆದು ಆನಂದಕ್ಕಾಗಿ ಮಾತ್ರ ಹಂಚುವ ಕೈಗಳನ್ನು ತಡೆಯದಿರುವಷ್ಟು ಔದಾರ್ಯವಾದರೂ ಹಿರಿಯರಾದ ನಮ್ಮಲ್ಲಿರಲಿ.